ನಲವತ್ತೊಂದು ಸುತ್ತು

ಫೆಬ್ರವರಿ. ತಾರ್ತು. ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ.
ಹೆಪ್ಪುಗಟ್ಟಿದ ಹೊಳೆಯ ಮೇಲೆ ಯಾರೋ ಸೈಕಲ್ ತುಳಿದ ಗುರುತು.
ರಾತ್ರಿ ಎರಡೂ ಹತ್ತಕ್ಕೆ ಬೂದು ಪೆಟ್ಟಿಗೆಯ ಹಸಿರು ದೀಪ
ಕೆಂಪಾಗುವ ಸೌಜನ್ಯವನ್ನೂ ತೋರದೆ ಆರಿತು.

ನಾನು ಹೆಲ್ವೆ. ಊರಿಗೆ ಬಿಸಿನೀರು ಕಳಿಸುವವಳು.
ಒಲೆಯಲ್ಲಿ ಬರ್ಚ್ ಚಕ್ಕೆ ಉರಿಯುತ್ತಿತ್ತು,
ನೀರು ಕುದಿಯುತ್ತಿತ್ತು,
ಕವಾಟ ಮಾತ್ರ ಬಾಯಿ ಬಿಡದು.
ಆರು ಸಾವಿರ ಮನೆಗಳ ಗೋಡೆಯೊಳಗೆ
ಕೊಳವೆಗಳು ಒಂದೊಂದಾಗಿ ತಣ್ಣಗಾಗತೊಡಗಿದವು.

ಪೆಟ್ಟಿಗೆಯ ಮೇಲೊಂದು ಚೀಟಿ: ತೆರೆದರೆ ವಾರಂಟಿ ಇಲ್ಲ.
ಕಂಪನಿಗೆ ಫೋನು ಮಾಡಿದೆ.
ನಿಮ್ಮ ಕರೆ ನಮಗೆ ಅಮೂಲ್ಯ, ಎಂದಿತು ಒಂದು ದನಿ.
ಆಮೇಲೆ ಪಿಟೀಲು. ಪಿಟೀಲು. ಮತ್ತೆ ಅಮೂಲ್ಯ.
ಮಾರುವಾಗ ಹೇಳಿದ್ದರು:
ಇದರ ಒಳಗುಟ್ಟು ಯಾರಿಗೂ ತಿಳಿಯದು, ಅದೇ ಇದರ ಭದ್ರತೆ.
ಯಾರಿಗೂ ಎಂದರೆ, ಈಗ ಹೊಳೆಯಿತು, ನನಗೆ.
ಒಳಹೊಕ್ಕು ದೀಪ ಆರಿಸಿದವನಿಗೆ
ಎಲ್ಲ ತಿಳಿದಿತ್ತು.

ಉರ್ಮಾಸ್ ಕೋಟು ಬಿಚ್ಚಿದ. ಕೈಚಕ್ರ ತುಕ್ಕು ಹಿಡಿದಿತ್ತು.
ಇಬ್ಬರೂ ಜೋತುಬಿದ್ದು ತಿರುಗಿಸಿದೆವು, ನಲವತ್ತೊಂದು ಸುತ್ತು,
ಎಣಿಸುತ್ತ, ಬೈಯುತ್ತ,
ಹದಿನೇಳರಲ್ಲಿ ಅವನ ಹೆಬ್ಬೆರಳಿನ ಉಗುರು ಕಿತ್ತು ಬಂತು.

ಏಪ್ರಿಲಿನಲ್ಲಿ ಹೊಸ ಪೆಟ್ಟಿಗೆ, ಹೊಸ ಹುಡುಗ ಕೌರ್.
ಇದು ಮುಕ್ತ, ಎಂದ. ಒಂದೊಂದು ಸಾಲೂ ಬಯಲಲ್ಲಿದೆ,
ಯಾರು ಬೇಕಾದರೂ ಓದಬಹುದು.
ನೀನು ಓದಿದೆಯಾ?
ನಕ್ಕ. ಸಾವಿರಾರು ಜನ ಬಳಸ್ತಾರೆ, ಅವರು ಓದಿರ್ತಾರೆ.

ಆ ಸಾವಿರಾರು ಜನರನ್ನು ನೆನೆದೆ.
ಒಬ್ಬೊಬ್ಬರೂ ಪಕ್ಕದವನ ಕಣ್ಣು ನಂಬಿ
ನಿಶ್ಚಿಂತೆಯಿಂದ ನಿದ್ದೆ ಹೋಗಿರುವುದನ್ನು.
ಮುಚ್ಚಿದ ಬಾಗಿಲ ಮುಂದೆ ಕಾದದ್ದಾಯಿತು;
ತೆರೆದ ಬಾಗಿಲು ಇನ್ನೂ ವಿಚಿತ್ರ,
ಯಾವಾಗ ಬೇಕಾದರೂ ಹೋಗಬಹುದೆಂದು
ಯಾರೂ ಹೋಗುವುದಿಲ್ಲ.

ಚಳಿಗಾಲವಿಡೀ ಓದಿದೆ. ರಾತ್ರಿಗೊಂದು ಪುಟ,
ಕಪ್ಪು ರೊಟ್ಟಿ, ಕೌರ್ ಬರೆದುಕೊಟ್ಟ ಅರ್ಥಗಳ ಪಟ್ಟಿ.
ಅರ್ಧ ತಿಳಿಯಲಿಲ್ಲ. ಸುಳ್ಳೇಕೆ, ಮುಕ್ಕಾಲು.
ಆದರೆ ಕವಾಟದ ಅಧ್ಯಾಯದಲ್ಲಿ, ಅಂಚಿನಲ್ಲಿ,
ಮನುಷ್ಯರ ಮಾತಿನಲ್ಲೇ ಒಂದು ಟಿಪ್ಪಣಿ ಸಿಕ್ಕಿತು:
ಇಲ್ಲಿ ಬರುವವರು ಯಾರೆಂದು ಕೇಳಬೇಕು. ನಾಳೆ ಬರೆಯುತ್ತೇನೆ.
ಒಂಬತ್ತು ವರ್ಷದ ಹಿಂದಿನ ನಾಳೆ.

ಬರೆದವಳು ಚಿಲಿಯ ವಾಲ್ದಿವಿಯಾದವಳು, ಹೆಸರು ಹಿಮೇನಾ.
ಸಂಬಳವಿಲ್ಲ, ಹಗಲು ಬೇರೆ ಕೆಲಸ.
ಮೂರನೆಯ ದಿನ ಉತ್ತರ ಬಂತು:
ಅವತ್ತು ಮಗುವಿಗೆ ಜ್ವರ. ಮರೆತೇ ಹೋಯಿತು.
ಅವಳಿಗೀಗ ಹತ್ತು ವರ್ಷ.
ಇದನ್ನು ಕೇಳಿದವರಲ್ಲಿ ನೀವೇ ಮೊದಲು.

ವಾರದೊಳಗೆ ನಾಲ್ಕು ಸಾಲು ಸೇರಿಸಿದಳು.
ನಾನು ಓದಿದೆ. ಕೌರ್ ಓದಿದ,
ಈ ಸಲ ನನ್ನ ಎದುರೇ, ಬೆರಳಿಟ್ಟು.
ಕಂಪನಿಯೂ ಒಂದು ಕಾಗದ ಕಳಿಸಿತ್ತು ಅಷ್ಟರಲ್ಲಿ:
ದೋಷ ಸರಿಪಡಿಸಲಾಗಿದೆ. ಯಾವ ದೋಷವೆಂದು ತಿಳಿಸಲಾಗದು.

ಹೊಸ ಪೆಟ್ಟಿಗೆ ಚೆನ್ನಾಗಿದೆ. ದೀಪ ಹಸಿರು.
ಆದರೂ ಸೋಮವಾರ ಸಂಜೆ
ಎಣ್ಣೆಡಬ್ಬಿ ಹಿಡಿದು ಕೆಳಗಿಳಿಯುತ್ತೇನೆ,
ಕೈಚಕ್ರವನ್ನು ಒಂದು ಸುತ್ತು ಆಚೆ, ಒಂದು ಸುತ್ತು ಈಚೆ
ತಿರುಗಿಸಿ ಬರುತ್ತೇನೆ.