ಸೋರುವ ಮನೆ

ನಲವತ್ತೊಂದು ದೋಣಿ ಕಟ್ಟಿದ ಕೈ ಇದು.
ಹಲಗೆಗೆ ಹಲಗೆ ಹೊಲಿದು, ಸಂದಿಗೆ ಹತ್ತಿ ತುರುಕಿ,
ರಾಳ ಬಳಿದು,
ಒಂದು ಹನಿ ಒಳಗೆ ಬಂದರೂ ಮರ್ಯಾದೆ ಹೋಯಿತು ಎಂದು
ಬದುಕಿದವನು ನಾನು.

ಈಗ ಕೋಡಿಬಾಗದ ಗಾಳಿಮರದ ತೋಪಿನಲ್ಲಿ
ಡಾಕ್ಟರ್ ಶರ್ವಾಣಿ ಕೋಲಿನಿಂದ ನೆಲಕ್ಕೆ ಗೀಟು ಎಳೆದು ಹೇಳುತ್ತಾಳೆ:
"ಮೇಸ್ತ್ರಿ, ಸಂದಿ ಬಿಡಬೇಕು.
ಗಾಳಿ ಬರಬೇಕು, ಮಳೆಯೂ ಒಂದಿಷ್ಟು ಬರಬೇಕು,
ಬಿಸಿಲು ಬೆಳಗಿನದು ಪೂರ್ತಿ, ಮಧ್ಯಾಹ್ನದ್ದು ಅರ್ಧ."
ಎತ್ತರ ಎಷ್ಟು, ಕೇಳಿದೆ.
"ಅದು ಹಾರುವಷ್ಟು."
ಹಾರುವುದಾದರೆ ಗೂಡು ಯಾಕೆ?
ಅವಳು ನಕ್ಕಳು. ಗಾರ್ಡ್ ಹಮ್ಮು ಗೌಡ ನಗಲಿಲ್ಲ;
ಅವನ ಮುಂಗೈಯಲ್ಲಿ ನಾಲ್ಕು ತೂತು,
ಬಲೆ ಕತ್ತರಿಸುವಾಗ ಅದು ಕೊಟ್ಟ ರಸೀದಿ.

ಕಡಲಹದ್ದು. ಬಿಳಿ ಹೊಟ್ಟೆ, ಬೂದಿ ರೆಕ್ಕೆ.
ಟ್ರಾಲರಿನ ಹರಕು ಬಲೆ ಸುತ್ತಿಕೊಂಡು
ದಂಡೆಯಲ್ಲಿ ನೊರೆಯ ಜತೆ ಬಿದ್ದಿತ್ತಂತೆ.
ಈಗ ಇಲಾಖೆಯ ಬಚ್ಚಲುಕೋಣೆಯಲ್ಲಿ
ಬಕೆಟ್ಟಿಗೆ ಬೆನ್ನು ಹಾಕಿ ಕೂತಿದೆ.
ಬಾಗಿಲ ಬಿರುಕಿನಿಂದ ನೋಡಿದೆ.
ಅದೂ ನೋಡಿತು,
ಬಡ್ಡಿ ಕೇಳಲು ಬಂದವನನ್ನು ನನ್ನಜ್ಜಿ ನೋಡುತ್ತಿದ್ದ ಹಾಗೆ.

ಮೊದಲ ದಿನ ತಂತಿಬಲೆ ತಂದೆ. ಬೇಡ ಎಂದಳು.
"ಗರಿಯ ತುದಿ ಮುರಿದರೆ ಹೊಸತು ಬರಲು ವರ್ಷ ಬೇಕು."
ಸರಿ, ಬಿದಿರು. ನಿಂತ ಬಿದಿರು, ಅಡ್ಡ ಅಲ್ಲ;
ಅಡ್ಡ ಕಟ್ಟಿದರೆ ಹತ್ತಿ ಜೋತು ಬೀಳುತ್ತದಂತೆ.
ಗಂಟು ಕೆತ್ತಿ, ನುಣುಪಾಗಿ ಉಜ್ಜಿ,
ಎರಡರ ನಡುವೆ ಎರಡು ಬೆರಳು.
ಯಾರ ಬೆರಳು, ನನ್ನದೋ ಅವಳದೋ?
ಇದಕ್ಕೇ ಅರ್ಧ ದಿನ ಹೋಯಿತು.

ಕೂರುವ ಕೊಂಬೆಗೆ ಕತ್ತದ ಹಗ್ಗ ಸುತ್ತಿದೆ,
ಒಂದು ಕಡೆ ದಪ್ಪ, ಒಂದು ಕಡೆ ಸಪೂರ:
ಒಂದೇ ಅಳತೆಯ ಮೇಲೆ ದಿನವಿಡೀ ಕೂತರೆ
ಹಕ್ಕಿಗೂ ಅಂಗಾಲು ಹುಣ್ಣಾಗುತ್ತದೆ.
ಬಾಗಿಲು ಎರಡು, ಒಂದರ ಹಿಂದೆ ಒಂದು,
ಒಂದು ಮುಚ್ಚದೆ ಇನ್ನೊಂದು ತೆರೆಯುವಂತಿಲ್ಲ.
(ಹೆಂಡತಿ ಅಂದಳು: ನಿಮ್ಮ ಬಾಯಿಗೂ ಇಂಥದೊಂದು ಬೇಕಿತ್ತು.)
ನೆಲಕ್ಕೆ ಕಾಳಿ ಹೊಳೆಯ ಮರಳು. ನೈಋತ್ಯಕ್ಕೆ ಹಲಗೆಗೋಡೆ,
ಅಲ್ಲಿ ಮಾತ್ರ ಸಂದಿ ಮುಚ್ಚಲು ಬಿಟ್ಟರು,
ಅಲ್ಲಿ ಮಾತ್ರ ನನ್ನ ಕೈ ನನ್ನದಾಯಿತು.

ಸಂಜೆ ಅವಳು ಒಂದು ತೊಗಲಿನ ಕೈಗವಸು ತೋರಿಸಿದಳು.
ಹಿಂದೆ ದೊರೆಗಳ ಮನೆಯಲ್ಲಿ ಡೇಗೆ ಪಳಗಿಸುವವರಿದ್ದರಂತೆ;
ಕಾಲಿಗೆ ಉದ್ದ ದಾರ ಕಟ್ಟಿ, ಮೊದಲು ಹತ್ತು ಮಾರು, ಆಮೇಲೆ ಐವತ್ತು,
ಮುಷ್ಟಿಯ ಮೇಲಿನ ಮಾಂಸಕ್ಕೆ ಕರೆಯುವುದು.
"ಅವರದೇ ವಿದ್ಯೆ ಮೇಸ್ತ್ರಿ, ಕೊನೆಯ ಪಾಠ ಮಾತ್ರ ಬೇರೆ:
ಕರೆದರೆ ಬರಬಾರದು."

ಒಂಬತ್ತನೇ ದಿನ ತಂದರು, ಕಂಬಳಿಯಲ್ಲಿ ಸುತ್ತಿ.
ಒಳಗೆ ಎರಡು ಬಂಗಡೆ, ಒಂದು ಬೋಗುಣಿ ನೀರು.
ನಾವೆಲ್ಲ ಹಲಗೆಗೋಡೆಯ ಹಿಂದೆ;
ನಾನು ಕಂಡೂ ಮುಚ್ಚದೆ ಬಿಟ್ಟ ಒಂದು ಗಂಟಿನ ತೂತಿಗೆ
ಸರದಿಯಲ್ಲಿ ಕಣ್ಣಿಟ್ಟೆವು.
ಅದು ಕೊಂಬೆ ನೋಡಿತು. ಹಗ್ಗ ನೋಡಿತು.
ಬೋಗುಣಿಯ ಸುತ್ತ ಕುಂಟುತ್ತ ಒಂದು ಸುತ್ತು.
ಆಮೇಲೆ ಒಂದೇ ಜಿಗಿತ,
ಮೂಲೆಯಲ್ಲಿ ನಾನು ಮರೆತು ಬಿಟ್ಟಿದ್ದ ಕುದುರೆಯ ಮೇಲೆ.

ಕುದುರೆ ಎಂದರೆ ಹಲಗೆ ಇಟ್ಟು ಕೊಯ್ಯುವ ನಾಲ್ಕು ಕಾಲಿನ ಅಡ್ಡಮರ,
ಅಪ್ಪನ ಕಾಲದ್ದು, ಬೆನ್ನ ತುಂಬ ಗರಗಸದ ಗಾಯ.
ಆ ಗಾಯಗಳಲ್ಲೇ ಉಗುರು ಊರಿ
ಗರಿ ಕೊಡವಿ, ಕಡಲ ಕಡೆ ಮುಖ ಮಾಡಿ ಕೂತಿತು.
"ತೆಗೆಯಲಾ?" ಎಂದೆ, ಉತ್ತರ ಗೊತ್ತಿದ್ದೂ.

ಇವತ್ತಿಗೆ ಇಪ್ಪತ್ತಾರು ದಿನ.
ಬೈತಖೋಲದಲ್ಲಿ ಒಂದು ಪಾತಿ ದೋಣಿಯ ಕೆಲಸ ಬಂದಿದೆ.
ಹಲಗೆಯನ್ನು ಮೊಣಕಾಲಿಗೆ ಒತ್ತಿ ಕೊಯ್ಯುತ್ತೇನೆ,
ಗೆರೆ ತುಸು ಓರೆ ಹೋಗುತ್ತದೆ.
ಹೊಸ ಕುದುರೆ ಮಾಡಿಕೋ ಎನ್ನುತ್ತಾರೆ. ಮರ ಇದೆ, ಮೊಳೆ ಇದೆ.
ಹಮ್ಮು ಸೈಕಲ್ಲು ನಿಲ್ಲಿಸಿ ದಿನಾ ಸುದ್ದಿ ಕೊಡುತ್ತಾನೆ:
ಹದಿನೈದು ಮಾರು ಹಾರಿತು. ಮೂವತ್ತು.
ನಿನ್ನೆ ನಲವತ್ತು, ಕರೆದರೆ ಬಂತು.

ಬಂತಾ, ಎಂದು ಕೇಳಿ
ಮತ್ತೆ ಹಲಗೆಗೆ ಮೊಣಕಾಲು ಕೊಡುತ್ತೇನೆ.