ಕಂಟ್ರೋಲ್ ಹದಿನೇಳು

ಫ್ರೀಜರಿನೊಳಗೆ ಮೈನಸ್ ಎಂಬತ್ತು.
ಹೊರಗೆ ಮಸ್ಕತ್ತಿನ ಜೂನ್, ನಲವತ್ತಾರು.
ನಡುವೆ ಒಂದು ಬಾಗಿಲು. ಅದರ ಬೀಗದ ಕೈ
ಇಪ್ಪತ್ತೆರಡು ವರ್ಷ ನನ್ನ ಕೊರಳಲ್ಲಿ,
ಅಮ್ಮ ಹಾಕಿದ ಶಿಲುಬೆಗೆ ಟಕಟಕ ತಾಗುತ್ತ.

ನಾನು ಶಿರ್ವದ ಸೆವ್ರಿನ್. ರಕ್ತ ತೆಗೆಯುವುದು,
ಚೀಟಿ ಅಂಟಿಸುವುದು, ಕಾಯುವುದು ನನ್ನ ಕೆಲಸ.
ಓದುವವರು ಡಾಕ್ಟರ್ ಜುವೈನಾ.

ಮೊದಲ ಚಳಿಗಾಲ ಇಬ್ರಾ ದಾಟಿ ಒಳಗೆ ಹೋದೆವು,
ಐಸಿನ ಡಬ್ಬಿ ನನ್ನ ತೊಡೆಯ ಮೇಲೆ.
ಚಾಪೆ ಹಾಸಿದರು, ಖರ್ಜೂರ ಇಟ್ಟರು, ಕಹ್ವಾ ಬಗ್ಗಿಸಿದರು,
ಕಾಯಿಲೆಯ ಹೆಸರೊಂದನ್ನು ಬಿಟ್ಟು ಎಲ್ಲ ಮಾತಾಡಿದರು.
"ಅಕ್ಕನಿಗೆ ಅದು ಬಂತು. ಚಿಕ್ಕಮ್ಮನಿಗೂ ಅದೇ."
ಡಾಕ್ಟರೂ "ಅದು" ಎಂದೇ ಕೇಳಿ ಬರೆದುಕೊಂಡರು:
ಹೆಣ್ಣಿಗೆ ವೃತ್ತ, ಗಂಡಿಗೆ ಚೌಕ,
ಅದು ಬಂದವರಿಗೆ ಕಪ್ಪು, ಹೋದವರ ಮೇಲೆ ಓರೆಗೆರೆ.
ಶಂಸಾಜ್ಜಿ ಬಗ್ಗಿ ನೋಡಿ ಹೇಳಿದಳು:
"ನಮ್ಮ ಫಲಜಿನ ನೀರು ಹೀಗೇ ಕವಲಾಗುತ್ತದೆ, ಮಗಳೇ.
ಯಾರ ತೋಟಕ್ಕೆ ಎಷ್ಟು ಹೊತ್ತು ಎಂದು
ಗೊತ್ತು ಮಾಡಿದವರು ಸತ್ತು ಎಷ್ಟೋ ಕಾಲವಾಯಿತು.
ನೀರು ಮಾತ್ರ ಇನ್ನೂ ಅವರ ಮಾತು ಕೇಳುತ್ತಿದೆ."

ಹುಡುಕಿದ್ದು ಹನ್ನೊಂದು ವರ್ಷ.
ಒಂದು ಚಂಡಮಾರುತದ ರಾತ್ರಿ ವಾದಿ ಉಕ್ಕಿ ಜನರೇಟರು ಮುಳುಗಿದಾಗ
ಮುತ್ರಾದ ಮೀನಿನ ಗೋದಾಮಿನಿಂದ ದಾದ್‌ಕರೀಂ
ಒಣ ಐಸು ಹೊತ್ತು ತಂದ. ಆಮೇಲೆ ಒಂದು ತಿಂಗಳು
ಫ್ರೀಜರು ಬಂಗುಡೆ ವಾಸನೆ.

ಕೊನೆಗೆ ಸಿಕ್ಕಿತು. "ಒಂದೇ ಅಕ್ಷರ, ಸಿವ್ರೀನ್.
ಇಷ್ಟು ದೊಡ್ಡ ಪುಸ್ತಕದಲ್ಲಿ ಒಂದೇ ಅಕ್ಷರ ಬೇರೆ."
ನನಗೆ ಎರಡನೇ ತರಗತಿಯ ಉಕ್ತಲೇಖನ ನೆನಪಾಯಿತು,
ಹಸು ಹಾಳು ಕೊಡುತ್ತದೆ ಎಂದು ಬರೆದು
ಬೆರಳ ಗಂಟಿಗೆ ತಿಂದ ಪೆಟ್ಟು.
ಗ್ಲೌಸಿನ ಪೆಟ್ಟಿಗೆಯ ಮೇಲೆ ಎರಡೂ ಬರೆದು ತೋರಿಸಿದೆ:
ಹಾಲು. ಹಾಳು.
ಅರ್ಥ ಹೇಳಿದೆ.
ಅವರು ಮೊದಲನೆಯದರ ಮೇಲೆ ಬೆರಳಿಟ್ಟು,
ಎರಡನೆಯದಕ್ಕೆ ಸರಿಸಿ,
ತುಂಬ ಹೊತ್ತು ಅಲ್ಲೇ ಇಟ್ಟುಕೊಂಡಿದ್ದರು.

ಪ್ರಬಂಧ ಮೂರು ಸಲ ವಾಪಸು ಬಂತು.
ಸಣ್ಣ ದೇಶ, ಕಡಿಮೆ ಜನ, ಸೀಮಿತ ಆಸಕ್ತಿ.
ಮೂರನೆಯ ಸಲ ಡಾಕ್ಟರು ಕಾರ್ನಿಶಿನ ಕಟ್ಟೆಯ ಮೇಲೆ ಕೂತು
ಒಂದು ಪೊಟ್ಟಣ ಕಡಲೆ ಪೂರ್ತಿ ತಿಂದರು,
ನನಗೆ ಒಂದು ಕಾಳೂ ಕೊಡದೆ.

ನಾಲ್ಕನೆಯ ಕಡೆ ಅಚ್ಚಾಯಿತು. ಎರಡನೇ ಕೋಷ್ಟಕದಲ್ಲಿ
ಹುಡುಕಿದರೆ ನಾನೂ ಸಿಗುತ್ತೇನೆ.
ಹೋಲಿಸಿ ನೋಡಲು ಅದು ಇಲ್ಲದವರ ರಕ್ತವೂ ಬೇಕಲ್ಲ?
ಕಂಟ್ರೋಲ್ ೧೭, ಹೆಣ್ಣು, ಮೂವತ್ತೊಂದು, ಆರೋಗ್ಯವಂತೆ.
ವೀಸಾಕ್ಕೆಂದು ಎರಡೆರಡು ವರ್ಷಕ್ಕೆ ತೋಳು ಚಾಚಿದ್ದೇನೆ,
ಅಲ್ಲಿ ಸಾಲು, ಸೂಜಿ, ಮುಂದಿನವರು ಬನ್ನಿ.
ಡಾಕ್ಟರು ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ಹೇಳಿದರು,
ಬೇಡ ಅನ್ನಬಹುದು ಎಂದರು,
ಆಮೇಲೆ ನನಗೆ ನಾನೇ ಚುಚ್ಚಿಕೊಳ್ಳಲು ಬಿಡದೆ ತಾವೇ ತೆಗೆದರು,
ಬಲು ಕೆಟ್ಟದಾಗಿ. ಮೂರು ದಿನ ನೀಲಿ.

ಆ ಕೆಲಸದ ತೂಕಕ್ಕೆ ಈಗೊಂದು ಅಂಕಿ ಇದೆ, ದಶಾಂಶ ಸಮೇತ.
ಬೀಳ್ಕೊಡುಗೆಯಲ್ಲಿ ಪರದೆಯ ಮೇಲೆ ತೋರಿಸಿದರು,
ಯಾವ ಯಾವ ದೇಶದವರು ಇವರನ್ನು ಹೆಸರಿಸಿದರೆಂದು.
ನಾನು ನೋಡುತ್ತಿದ್ದದ್ದು ಹಿಂದಿನ ಸಾಲಿನ ರಯ್ಯಾಳನ್ನು,
ಶಂಸಾಜ್ಜಿಯ ಮೊಮ್ಮಗಳು.
ಮೂವರು ಅಕ್ಕಂದಿರಿಗೂ ಆ ಅಕ್ಷರ ಇದೆ.
ಬೇಗ ಗೊತ್ತಾಯಿತು, ಮೂವರೂ ಇದ್ದಾರೆ.
ನಿನಗಿಲ್ಲ ಎಂದ ದಿನ ಅವಳೇ ಎಲ್ಲರಿಗಿಂತ ಹೆಚ್ಚು ಅತ್ತಿದ್ದಳು.
"ನನ್ನನ್ನು ಯಾಕೆ ಬಿಟ್ಟಿತು?"
ಡಾಕ್ಟರು ಉತ್ತರ ಕೊಡಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು.

ಗುರುವಾರ ಅವರು ಹೋದರು.
ಭಾನುವಾರ ಚಹಾಕ್ಕೆಂದು ಪ್ಯಾಂಟ್ರಿಯ ಫ್ರಿಜ್ಜು ತೆರೆದರೆ
ಲಬಾನಿನ ಪಕ್ಕದ ಬಾಟಲಿಗೆ ಲ್ಯಾಬಿನ ಚೀಟಿ,
ತಾರೀಕು, ಸಹಿ, ಅದರ ಕೆಳಗೆ
ಬಲದಿಂದ ಎಡಕ್ಕೆ ಬರೆದು ರೂಢಿಯಾದ ಕೈಯ
ಸೊಟ್ಟ ಕನ್ನಡ.
ಅವರೇ ಕಲಿಸಿದ ಹಾಗೆ ಮೂರು ಸಲ ಓದಿದೆ.
ಲ. ಲ.
ಲ-ನೇ.