ಹದಿನೇಳನೆಯ ಹೆಸರು

ಮಳವಳ್ಳಿ, ಸರ್ಕಾರಿ ಶಾಲೆ, ಜೂನ್ ಮೊದಲ ವಾರ.
ಹಾಜರಿ ಪುಸ್ತಕದಲ್ಲಿ ಹದಿನಾರು ಹೆಸರು,
ಮಿಕ್ಕ ಗೆರೆಗಳೆಲ್ಲ ಉಪವಾಸ.
ಹಳದಿ ವ್ಯಾನು ದಿನಾ
ನಮ್ಮ ಗೇಟಿನ ಮುಂದೆಯೇ ತಿರುಗಿಸಿಕೊಳ್ಳುತ್ತದೆ,
ಇಲ್ಲಿ ಜಾಗ ಚೆನ್ನಾಗಿದೆಯಂತೆ.

ಕರಪತ್ರ ಹಿಡಿದು ಮನೆಮನೆ ಹತ್ತಿಳಿದೆ.
'ಟೈ ಕೊಡ್ತೀರಾ ಮೇಡಂ?' ಕೇಳಿದರು ಕೆಂಪಾಜಮ್ಮ.
ಮೊಟ್ಟೆ ಕೊಡ್ತೀವಿ ಅಂದೆ.
ನಕ್ಕರು. ಮಜ್ಜಿಗೆ ಕೊಟ್ಟರು.
ಮಗುವನ್ನು ಕೊಡಲಿಲ್ಲ.

ಕೊನೆಗೆ ಊರಾಚೆಯ ಆಲೆಮನೆ.
ಕೊಪ್ಪರಿಗೆಯ ಹಬೆಯೊಳಗಿಂದ ಎದ್ದು ಬಂದಳು ಫೂಲ್ಮತಿ,
ಬಿಹಾರದ ಕೂಲಿಯವನ ಮಗಳು,
ಮೊಣಕೈತನಕ ಬೆಲ್ಲ.
ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ.
ಜೂನ್ ಒಂದು ಎಂದು ಬರೆದುಕೊಂಡೆ.

ಡಿಸೆಂಬರಿಗೆಲ್ಲ ಅವಳು
'ಅಕ್ಕಿ ಬೇರೆ, ಹಕ್ಕಿ ಬೇರೆ ಕಣೋ' ಎಂದು
ನಮ್ಮ ಹುಡುಗರನ್ನೇ ತಿದ್ದುತ್ತಿದ್ದಳು.
ತಾಲ್ಲೂಕಿನ ಪರೀಕ್ಷೆಯಲ್ಲಿ ಕನ್ನಡಕ್ಕೆ ಮೊದಲು.
ಆಫೀಸಿನವರು ಫೋನು ಮಾಡಿದರು:
ಸಂತೋಷ, ಆದರೆ ಸಂಖ್ಯೆ ಎಷ್ಟಾಯ್ತು?

ಆಲೆಮನೆ ನಿಂತ ವಾರ ಅವಳ ಜಾಗ ಖಾಲಿ.
ನಾನಿನ್ನೂ ಹೆಸರು ಹೊಡೆದಿಲ್ಲ.
ಅಡುಗೆಯ ಹೊಂಬಾಳಮ್ಮ ಇವತ್ತೂ
ಹದಿನೇಳು ಹಿಡಿ ಅಳೆದು ಹಾಕಿದಳು.
ಯಾಕೆ ಅಂದರೆ,
'ಬೆಲ್ಲದ ರೇಟು ಏರ್ತಾ ಅದೆ, ಬತ್ತಾರೆ ಬುಡಿ'
ಅನ್ನುತ್ತ
ಹಕ್ಕಿ ತೊಳೆಯುತ್ತಾಳೆ.